ಕಾರಿನ ಹಿಂಬದಿಗೆ ಮನೆಯಲ್ಲೇ ಬಾಲ ಕಟ್ಟಬಹುದೇ?

ಪ್ರಶ್ನೆ: ನನ್ನದು ಹಿಂಬದಿ ನೆಟ್ಟಗೆ ಕತ್ತರಿಸಿದಂತಿರುವ ಎತ್ತರದ ಹ್ಯಾಚ್‌ಬ್ಯಾಕ್ ಕಾರು. ಹೆಚ್ಚಿನ ಓಡಾಟ ಹೆದ್ದಾರಿಯಲ್ಲಿ, ಗಂಟೆಗೆ 90–100 ಕಿ.ಮೀ. ವೇಗದಲ್ಲಿ. ಛಾವಣಿಯ ಅಂಚಿಗೆ ವೋರ್ಟೆಕ್ಸ್ ಜನರೇಟರ್‌ಗಳನ್ನು (ಗಾಳಿಯನ್ನು ಸುಳಿಸುವ ಸಣ್ಣ ರೆಕ್ಕೆಗಳನ್ನು) ಅಂಟಿಸಿ, ಬಂಪರ್ ಕೆಳಗೆ ಡಿಫ್ಯೂಸರ್ (ಹಿಂದಕ್ಕೆ ಮೇಲೇರುವ ಹಲಗೆ) ಕೂರಿಸಿ, ಸಾಧ್ಯವಾದರೆ ಪ್ಲಾಸ್ಟಿಕ್ ಹಾಳೆಯಿಂದ ಹಿಂದಕ್ಕೆ ಕಿರಿದಾಗುತ್ತ ಹೋಗುವ ಬಾಲವೊಂದನ್ನೂ ಮನೆಯಲ್ಲೇ ಕಟ್ಟಬೇಕೆಂದಿದ್ದೇನೆ. ಇವುಗಳಿಂದ ಮೈಲೇಜ್ ನಿಜವಾಗಿ ಹೆಚ್ಚುತ್ತದೆಯೇ? ಯಾವುದನ್ನು ಮೊದಲು ಮಾಡಬೇಕು? ಹೆಚ್ಚಿತೆಂದು ತಿಳಿಯುವುದು ಹೇಗೆ?

ಉತ್ತರ: ನೀವು ಹೆಸರಿಸಿದ ಮೂರರಲ್ಲಿ ನಿಮ್ಮ ಕಾರಿಗೆ ಅಳೆದು ತೋರಿಸಬಹುದಾದಷ್ಟು ಲಾಭ ಕೊಡುವುದು ಬಾಲವೊಂದೇ. ವೋರ್ಟೆಕ್ಸ್ ಜನರೇಟರ್‌ಗಳಿಂದ ಆ ಆಕಾರದ ವಾಹನಕ್ಕೆ ಏನನ್ನೂ ನಿರೀಕ್ಷಿಸಬೇಡಿ. ಡಿಫ್ಯೂಸರ್‌ನ ಫಲವು ಅದರ ಮುಂದಿರುವ ಅಡಿಭಾಗವನ್ನು ನೀವು ಎಷ್ಟು ನುಣುಪು ಮಾಡುತ್ತೀರಿ ಎಂಬುದರ ಮೇಲೆ ನಿಂತಿದೆ. ಬಾಲವೂ ಕೋನ ತಪ್ಪಿದರೆ ಬರಿಯ ಹೊರೆಯಾಗುತ್ತದೆ. ಆದ್ದರಿಂದ ಉತ್ತರದ ಹೆಚ್ಚಿನ ಭಾಗವನ್ನು ಅದಕ್ಕೇ ಮೀಸಲಿಡುತ್ತೇನೆ.

ಗಾಳಿಯ ವಿಷಯದಲ್ಲಿ ಮುಂಭಾಗಕ್ಕಿಂತ ಹಿಂಭಾಗವೇ ಹೆಚ್ಚು ತೊಂದರೆ ಕೊಡುವುದೇಕೆ ಎಂಬುದನ್ನು ಮೊದಲು ನೋಡೋಣ. ಮುಂಭಾಗಕ್ಕೆ ಬಡಿದ ಗಾಳಿ, ಅಂಚುಗಳು ಸಾಕಷ್ಟು ದುಂಡಗಿದ್ದರೆ, ಮೈಗೆ ಅಂಟಿಕೊಂಡೇ ಛಾವಣಿ ಮತ್ತು ಪಕ್ಕಗಳ ಮೇಲೆ ಹರಿಯುತ್ತದೆ. ಇಂದಿನ ಕಾರುಗಳಲ್ಲಿ ಈ ಕೆಲಸವನ್ನು ತಯಾರಕರು ಬಹುಮಟ್ಟಿಗೆ ಮುಗಿಸಿಯೇ ಕೊಟ್ಟಿರುತ್ತಾರೆ. ಹಿಂಬದಿಯಲ್ಲಾದರೋ ಮೈ ಥಟ್ಟನೆ ಮುಗಿದುಹೋಗುತ್ತದೆ. ವೇಗವಾಗಿ ಬಂದ ಗಾಳಿ ಅಷ್ಟು ಕಡಿದಾದ ತಿರುವಿನಲ್ಲಿ ಹೊರಳಲಾರದೆ ಅಂಚಿನಲ್ಲೇ ಮೈ ಬಿಟ್ಟು ನೇರವಾಗಿ ಸಾಗುತ್ತದೆ, ಹಿಂಬಾಗಿಲಿನ ಹಿಂದೆ ಕಡಿಮೆ ಒತ್ತಡದ ಸುಳಿವಲಯವೊಂದು ಉಳಿಯುತ್ತದೆ. ಮುಂಭಾಗದ ಹೆಚ್ಚಿನ ಒತ್ತಡಕ್ಕೂ ಹಿಂಭಾಗದ ಕಡಿಮೆ ಒತ್ತಡಕ್ಕೂ ಇರುವ ಅಂತರವೇ ಗಾಳಿಯ ಎಳೆತದ ದೊಡ್ಡ ಪಾಲು. ಗಾಳಿ ಮೈಗೆ ಉಜ್ಜುವುದರಿಂದ ಹುಟ್ಟುವ ಘರ್ಷಣೆಯ ಪಾಲು ಚಿಕ್ಕದು. ಬಣ್ಣಕ್ಕೆ ಮೇಣ ಹಚ್ಚಿ ಹೊಳಪು ಬರಿಸಿದರೆ ಮೈಲೇಜ್ ಹೆಚ್ಚುತ್ತದೆ ಎಂಬ ಮಾತಿನಲ್ಲಿ ಹುರುಳಿಲ್ಲದಿರುವುದು ಇದಕ್ಕಾಗಿಯೇ.

ಈ ಸುಳಿವಲಯವನ್ನು ಕಾಣಲು ಉಪಕರಣ ಬೇಡ. ಧೂಳಿನ ಅಥವಾ ಒದ್ದೆಯಾದ ರಸ್ತೆಯಲ್ಲಿ ಓಡಿಸಿ ಬಂದ ಮೇಲೆ ಹಿಂಬದಿಯನ್ನು ಗಮನಿಸಿ. ಛಾವಣಿಯೂ ಪಕ್ಕದ ಗಾಜುಗಳೂ ಬಹುತೇಕ ಸ್ವಚ್ಛವಾಗಿದ್ದರೂ ಹಿಂಗಾಜಿನ ಮೇಲೆ ಕೊಳೆ ಒಂದೇ ಸಮನೆ ಕೂತಿರುತ್ತದೆ. ಚಕ್ರಗಳು ಎಬ್ಬಿಸಿದ ಧೂಳನ್ನು ಸುಳಿವಲಯವು ಕಾರಿನ ಕಡೆಗೇ ಎಳೆದು ತಂದು ಅಲ್ಲಿ ಅಂಟಿಸಿರುತ್ತದೆ. ಹ್ಯಾಚ್‌ಬ್ಯಾಕ್‌ಗಳಿಗೆ ಹಿಂದಿನ ಗಾಜಿಗೂ ವೈಪರ್ ಬೇಕಾಗುವುದು, ಹೆಚ್ಚಿನ ಸೆಡಾನ್‌ಗಳಿಗೆ ಬೇಡವಾಗುವುದು ಇದೇ ಕಾರಣಕ್ಕೆ. ಕೊಳೆಯ ಪದರ ಎಲ್ಲಿ ಗೆರೆ ಎಳೆದಂತೆ ಶುರುವಾಗುತ್ತದೆಯೋ ಹೆಚ್ಚುಕಡಿಮೆ ಅಲ್ಲೇ ಗಾಳಿ ಮೈ ಬಿಡುತ್ತಿದೆ ಎಂದು ತಿಳಿಯಬಹುದು.

ಇನ್ನು ಲಾಭದ ಮಿತಿ. 1,200 ಕಿಲೋ ತೂಕದ, ಡ್ರ್ಯಾಗ್ ಗುಣಾಂಕ (ಆಕಾರದಿಂದಾಗಿ ಗಾಳಿ ಎಷ್ಟು ಎಳೆಯುತ್ತದೆಂದು ಹೇಳುವ ಅಂಕಿ) ಮತ್ತು ಮುಂಭಾಗದ ವಿಸ್ತೀರ್ಣಗಳ ಗುಣಲಬ್ಧ 0.7 ಚದರ ಮೀಟರ್ ಇರುವ ಕಾರೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ; ನಿಮ್ಮ ಕಾರು ಇದರಿಂದ ಬಹಳ ದೂರವಿರಲಾರದು. ಟೈರುಗಳ ಉರುಳು ಪ್ರತಿರೋಧ ಸುಮಾರು 130 ನ್ಯೂಟನ್, ಅದು ವೇಗದೊಡನೆ ಹೆಚ್ಚೇನೂ ಬದಲಾಗುವುದಿಲ್ಲ. ಗಾಳಿಯ ಎಳೆತವಾದರೋ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ: ಗಂಟೆಗೆ 50 ಕಿ.ಮೀ.ನಲ್ಲಿ ಸುಮಾರು 80 ನ್ಯೂಟನ್, 80ರಲ್ಲಿ 205ರ ಆಸುಪಾಸು, 100ರಲ್ಲಿ 320ಕ್ಕೂ ಹೆಚ್ಚು. ಬಾಲ ಕಟ್ಟಿ ಗಾಳಿಯ ಎಳೆತವನ್ನು ಶೇಕಡಾ 10ರಷ್ಟು ಇಳಿಸಿದಿರಿ ಎಂದುಕೊಂಡರೆ, 100 ಕಿ.ಮೀ. ವೇಗದಲ್ಲಿ ಒಟ್ಟು ಪ್ರತಿರೋಧ ಶೇಕಡಾ 7ರಷ್ಟು ತಗ್ಗುತ್ತದೆ, 50ರಲ್ಲಿ ಶೇಕಡಾ 4ರಷ್ಟೂ ತಗ್ಗುವುದಿಲ್ಲ. ಎಂಜಿನ್ ತನ್ನೊಳಗಿನ ಘರ್ಷಣೆಗೂ ಇಂಧನ ಸುಡುವುದರಿಂದ ಮೈಲೇಜ್‌ನಲ್ಲಿ ಕಾಣುವುದು ಇದಕ್ಕಿಂತಲೂ ತುಸು ಕಡಿಮೆ. ಊರೊಳಗೆ ನಿಂತು ನಿಂತು ಸಾಗುವವರು ಈ ಉಸಾಬರಿಗೆ ಹೋಗಲೇಬಾರದು. ನಿಮ್ಮ ಓಡಾಟ ಹೆದ್ದಾರಿಯದ್ದಾದ್ದರಿಂದ ಯೋಚಿಸುವುದರಲ್ಲಿ ಅರ್ಥವಿದೆ.

ಬಾಲದ ಹಿಂದಿನ ವಿಚಾರ ಹಳೆಯದು. ಜೆಪ್ಪೆಲಿನ್ ವಾಯುನೌಕೆಗಳ ಮೇಲೆ ಕೆಲಸ ಮಾಡಿದ್ದ ಪಾಲ್ ಯಾರೈ 1920ರ ದಶಕದಲ್ಲೇ ಹಿಂದಕ್ಕೆ ಸಪೂರವಾಗುತ್ತ ಹೋಗುವ ಹನಿಯಾಕಾರದ ಕಾರುಗಳನ್ನು ರೂಪಿಸಿದ್ದ. ಅಂಥ ಬಾಲವನ್ನು ಪೂರ್ತಿಯಾಗಿ ಉಳಿಸಿಕೊಂಡರೆ ಕಾರು ಓಡಿಸಲಾಗದಷ್ಟು ಉದ್ದವಾಗುತ್ತದೆ. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಎಂಜಿನಿಯರ್ ವುನಿಬಾಲ್ಡ್ ಕಾಮ್ 1930ರ ದಶಕದಲ್ಲಿ ತೋರಿಸಿದ್ದು ಏನೆಂದರೆ, ಮೈಯನ್ನು ಗಾಳಿ ಬಿಡದಷ್ಟು ಮೆಲ್ಲಗೆ ಕಿರಿದಾಗಿಸುತ್ತ ಹೋಗಿ ಒಂದು ಹಂತದಲ್ಲಿ ಅದನ್ನು ನೇರವಾಗಿ ಕತ್ತರಿಸಿಬಿಟ್ಟರೂ ಪೂರ್ಣ ಬಾಲದ ಲಾಭದ ಬಹುಪಾಲು ಕೈಗೆ ಸಿಗುತ್ತದೆ. ಮನೆಯಲ್ಲಿ ಕಟ್ಟಬಹುದಾದದ್ದು ಈ ಮೊಟಕು ಬಾಲವನ್ನೇ.

ಕೋನದ ವಿಷಯದಲ್ಲಿ ಎಚ್ಚರ ಏಕೆ ಬೇಕೆಂಬುದನ್ನು 1970ರ ದಶಕದಲ್ಲಿ ಮೊದಲ ಫೋಕ್ಸ್‌ವ್ಯಾಗನ್ ಗಾಲ್ಫ್ ಕಾರನ್ನು ಗಾಳಿ ಸುರಂಗದಲ್ಲಿ ಪರೀಕ್ಷಿಸಿದವರು ಕಂಡರು. 1984ರಲ್ಲಿ ಸಂಶೋಧಕ ಅಹ್ಮದ್ ಮತ್ತು ಸಂಗಡಿಗರು ಸರಳ ಪೆಟ್ಟಿಗೆಯಂಥ ಮಾದರಿಯೊಂದರ ಮೇಲೆ ಅದನ್ನು ಕ್ರಮವಾಗಿ ಅಳೆದರು. ಹಿಂಬದಿಯ ಇಳಿಜಾರು ಸುಮಾರು 12 ಡಿಗ್ರಿಯಲ್ಲಿದ್ದಾಗ ಎಳೆತ ಅತಿ ಕಡಿಮೆ. ಅಲ್ಲಿಂದ ಇಳಿಜಾರನ್ನು ಹೆಚ್ಚಿಸುತ್ತ ಹೋದಂತೆ ಎಳೆತ ಏರುತ್ತ 30 ಡಿಗ್ರಿಯ ಹೊತ್ತಿಗೆ ತುದಿಗೆ ಮುಟ್ಟುತ್ತದೆ, ಅದನ್ನು ದಾಟಿದೊಡನೆ ಒಮ್ಮೆಲೇ ಕುಸಿಯುತ್ತದೆ. ನಡುವಿನ ಕೋನಗಳಲ್ಲಿ ಇಳಿಜಾರಿನ ಎರಡೂ ಪಕ್ಕದ ಅಂಚುಗಳಿಂದ ಬಲವಾದ ಎರಡು ಸುಳಿಗಳು ಎದ್ದು ಇಳಿಜಾರಿನ ಮೇಲೆ ಒತ್ತಡವನ್ನು ತಗ್ಗಿಸಿ, ವಾಹನವನ್ನು ಹಿಂದಕ್ಕೆ ಜಗ್ಗುತ್ತವೆ. ಕಣ್ಣಂದಾಜಿನಲ್ಲಿ ಚೆಂದ ಕಂಡಿತೆಂದು 25 ಡಿಗ್ರಿಗೆ ಬಾಗಿಸಿದ ಬಾಲವು ಬಾಲವಿಲ್ಲದ ಸ್ಥಿತಿಗಿಂತ ಕೆಟ್ಟದ್ದಾಗಬಹುದು.

ನಿಮಗೆ ನನ್ನ ಸಲಹೆ ಇದು: ಛಾವಣಿಯ ಕಡೆ ಮತ್ತು ಎರಡು ಪಕ್ಕಗಳಲ್ಲಿ 10 ಡಿಗ್ರಿ, ಬಹಳವೆಂದರೆ 12, ಕೆಳಗಿನ ಹಲಗೆ ಮೇಲೇರುವ ಕೋನ 5 ಡಿಗ್ರಿಯ ಆಸುಪಾಸು, ಏಕೆಂದರೆ ಅಡಿಭಾಗದಿಂದ ಬರುವ ಗಾಳಿ ಮೊದಲೇ ಕದಡಿ ನಿಧಾನವಾಗಿರುತ್ತದೆ, ಹೆಚ್ಚಿನ ತಿರುವನ್ನು ಅದು ತಾಳುವುದಿಲ್ಲ. ಈ ಕೋನಗಳನ್ನು ರಸ್ತೆಗೆ ಸಮಾನಾಂತರವಾದ ಗೆರೆಯಿಂದ ಅಳೆಯಬೇಕು, ಕಾರಿನ ಛಾವಣಿಯಿಂದಲ್ಲ. ಒಂದು ಮೀಟರ್ ಉದ್ದದ ನೇರ ಪಟ್ಟಿಯನ್ನು ಛಾವಣಿಯ ಕೊನೆಯ ಭಾಗದ ಮೇಲಿಟ್ಟು ನೋಡಿ. ಹಲವು ಕಾರುಗಳಲ್ಲಿ ಅದು ಅಲ್ಲಿಗೆ ಬರುವಷ್ಟರಲ್ಲೇ ಕೆಲವು ಡಿಗ್ರಿ ಇಳಿದಿರುತ್ತದೆ. ನಿಮ್ಮ ಹಲಗೆ ಆ ಇಳಿಜಾರಿನಿಂದಲೇ ಹೊರಟು ಮೆಲ್ಲಗೆ ಬಾಗುತ್ತ ಅಂತಿಮ ಕೋನಕ್ಕೆ ತಲುಪಬೇಕು. ಛಾವಣಿಯೂ ಹಲಗೆಯೂ ಕೂಡುವ ಕಡೆ ಕಣ್ಣಿಗೆ ಕಾಣುವ ಮುರಿತವಿದ್ದರೆ ಗಾಳಿ ಅಲ್ಲೇ ಮೈ ಬಿಡುತ್ತದೆ, ಹಿಂದೆ ಎಷ್ಟು ಉದ್ದ ಕಟ್ಟಿದರೂ ಅದು ಸುಳಿವಲಯದೊಳಗೆ ನಿಂತ ಪೆಟ್ಟಿಗೆಯಷ್ಟೇ.

ಎಷ್ಟು ಉದ್ದ ಬೇಕು? ಹಿಂಬದಿಯ ಅಗಲ ಒಂದೂವರೆ ಮೀಟರ್, ಎತ್ತರ 1.1 ಮೀಟರ್ ಎಂದಿಟ್ಟುಕೊಂಡು ಮೇಲಿನ ಕೋನಗಳಲ್ಲಿ 30 ಸೆಂ.ಮೀ. ಬಾಲ ಕಟ್ಟಿದರೆ, ಕೊನೆಯಲ್ಲಿ ಕತ್ತರಿಸಿದ ಮುಖದ ವಿಸ್ತೀರ್ಣ ಶೇಕಡಾ 14ರಷ್ಟು ಕುಗ್ಗುತ್ತದೆ; 60 ಸೆಂ.ಮೀ. ಕಟ್ಟಿದರೆ ಶೇಕಡಾ 27ರಷ್ಟು. ಸುಳಿವಲಯ ಅಷ್ಟರಮಟ್ಟಿಗೆ ಚಿಕ್ಕದಾಗುವುದಲ್ಲದೆ, ಕಿರಿದಾಗುವ ಮೈಯ ಉದ್ದಕ್ಕೂ ಗಾಳಿ ನಿಧಾನಗೊಂಡು ಒತ್ತಡ ಚೇತರಿಸಿಕೊಳ್ಳುತ್ತದೆ. ಲಾಭದ ಮುಖ್ಯ ಭಾಗ ಬರುವುದು ಈ ಚೇತರಿಕೆಯಿಂದ. ನಾನಾದರೆ 30–40 ಸೆಂ.ಮೀ.ಗೆ ನಿಲ್ಲಿಸುತ್ತೇನೆ. ಅದಕ್ಕಿಂತ ಉದ್ದವಾದಂತೆ ಪ್ರತಿ ಸೆಂಟಿಮೀಟರಿನ ಲಾಭ ಕಡಿಮೆಯಾಗುತ್ತ, ಪಾರ್ಕಿಂಗ್, ಹಿಂಬಾಗಿಲು ತೆರೆಯುವಿಕೆ, ಅಲುಗಾಟ ಮುಂತಾದ ತಾಪತ್ರಯಗಳು ಬೆಳೆಯುತ್ತ ಹೋಗುತ್ತವೆ.

ಬಾಲದ ತುದಿ ಮಾತ್ರ ಚೂಪಾಗಿರಲಿ. ದುಂಡಗಿನ ತುದಿಯಲ್ಲಿ ಗಾಳಿ ಎಲ್ಲಿ ಬಿಡಬೇಕೆಂದು ತೀರ್ಮಾನವಾಗದೆ ಸ್ವಲ್ಪ ದೂರ ಸುತ್ತಿಕೊಂಡು ಹೋಗಿ, ಅಲ್ಲಿ ಒತ್ತಡ ತಗ್ಗಿಸಿ, ಆಮೇಲೆ ಬಿಡುತ್ತದೆ. ಹೊಸ ಕಾರುಗಳ ಟೇಲ್ ಲ್ಯಾಂಪಿನ ಹೊರ ಅಂಚನ್ನು ಬೆರಳಿನಿಂದ ಸವರಿದರೆ, ನೆಟ್ಟಗೆ ನಿಂತ ಸಣ್ಣ ಏಣೊಂದು ಕೈಗೆ ಸಿಗುತ್ತದೆ. ಅದು ಅಲಂಕಾರವಲ್ಲ, ಗಾಳಿಯನ್ನು ಅಲ್ಲೇ ಕಡಿದು ಬಿಡಿಸಲು ಅಚ್ಚಿನಲ್ಲೇ ಕೂರಿಸಿದ್ದು. ನಿಮ್ಮ ಕಾರಿನ ಹಿಂದಿನ ಕಂಬಗಳ ಮೂಲೆ ದುಂಡಗಿದ್ದು ಈ ಏಣು ಇಲ್ಲದಿದ್ದರೆ, ಬಾಲ ಕಟ್ಟುವ ಗೋಜಿಲ್ಲದೆ ಹಿಂಗಾಜಿನ ಎರಡೂ ಪಕ್ಕಗಳಲ್ಲಿ ಪಕ್ಕದ ಮೈಗೆ ನೇರವಾಗಿ, ಹಿಂದಕ್ಕೆ ಚಾಚುವ ಕೆಲವು ಸೆಂ.ಮೀ. ಅಗಲದ ಪಟ್ಟಿ ಕೂರಿಸಿ ನೋಡುವುದು ಸುಲಭದ ಮೊದಲ ಪ್ರಯೋಗ. ಛಾವಣಿಯ ತುದಿಯ ಸ್ಪಾಯ್ಲರ್ ಅನೇಕ ಹ್ಯಾಚ್‌ಬ್ಯಾಕ್‌ಗಳಲ್ಲಿ ಮಾಡುವ ಕೆಲಸವೂ ಇದೇ.

ಕಟ್ಟುವಾಗ ಮೊದಲು ದಪ್ಪ ರಟ್ಟು ಮತ್ತು ಅಗಲದ ಟೇಪಿನಲ್ಲಿ ಅಚ್ಚು ಮಾಡಿಕೊಂಡು ಆಕಾರ ಸರಿಯೆನಿಸಿದ ಮೇಲೆ, ಒಳಗೆ ಟೊಳ್ಳು ಗೆರೆಗಳಿರುವ ಹಗುರ ಪ್ಲಾಸ್ಟಿಕ್ ಹಾಳೆಯನ್ನು ಅಲ್ಯೂಮಿನಿಯಂ ಚೌಕಟ್ಟಿಗೆ ರಿವೆಟ್ ಮಾಡುವುದು ವಾಡಿಕೆ. ಹಿಂಗಾಜಿನ ಎದುರಿನ ಭಾಗಕ್ಕೆ ಪಾರದರ್ಶಕ ಪಾಲಿಕಾರ್ಬೊನೇಟ್ ಹಾಳೆ ಬೇಕು. 100 ಕಿ.ಮೀ. ವೇಗದಲ್ಲಿ ಗಾಳಿಯ ಚಲನ ಒತ್ತಡ ಚದರ ಮೀಟರಿಗೆ ಸುಮಾರು 47 ಕಿಲೋ ತೂಕದಷ್ಟು. ದೊಡ್ಡ ಲಾರಿಯೊಂದು ಎದುರಿನಿಂದ ಹಾದುಹೋದಾಗ ಅದು ಕ್ಷಣದಲ್ಲಿ ದಿಕ್ಕು ಬದಲಿಸುತ್ತದೆ. ಬರಿಯ ಟೇಪಿನಿಂದ ನಿಲ್ಲಿಸಿದ ಹಲಗೆ ಹೆದ್ದಾರಿಯಲ್ಲಿ ಕಿತ್ತು ಹಿಂದಿನವರ ಮೇಲೆ ಬೀಳುವುದು ಹೀಗೆಯೇ, ಆದ್ದರಿಂದ ರಟ್ಟಿನ ಅಚ್ಚನ್ನು ರಸ್ತೆಗೆ ಒಯ್ಯಬಾರದು. ಹಿಂಬಾಗಿಲನ್ನು ಎತ್ತಿ ಹಿಡಿಯುವ ಗ್ಯಾಸ್ ಸ್ಟ್ರಟ್‌ಗಳು ಹೆಚ್ಚುವರಿ ಭಾರವನ್ನು ತಾಳುತ್ತವೆಯೇ ಎಂಬುದನ್ನೂ ನೋಡಿಕೊಳ್ಳಿ.

ಬಹಳ ಜನ ಯೋಚಿಸದ ಅಪಾಯ ಸೈಲೆನ್ಸರ್‌ನದು. ಸುಳಿವಲಯ ಧೂಳನ್ನು ಹಿಂಬಾಗಿಲಿಗೆ ಎಳೆದು ತರುವಂತೆಯೇ ಹೊಗೆಯನ್ನೂ ತರುತ್ತದೆ. ಹೊಗೆಕೊಳವೆಯ ಬಾಯಿ ಬಾಲದ ಕೆಳಗೆ ಅಥವಾ ಒಳಗೆ ಮುಗಿದರೆ, ಹಿಂಬಾಗಿಲಿನ ರಬ್ಬರ್ ಪಟ್ಟಿಯ ಸಂದುಗಳಿಂದ ಕಾರ್ಬನ್ ಮಾನಾಕ್ಸೈಡ್ ಕಾರಿನೊಳಕ್ಕೆ ಬರಬಹುದು. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮೊದಲ ಲಕ್ಷಣ ತಲೆನೋವು ಮತ್ತು ಮಂಪರು. ಕೊಳವೆಯ ಬಾಯಿ ಬಾಲದ ತುದಿಯನ್ನು ದಾಟಿ ಹೊರಗೆ ಬರುವಂತೆ ಉದ್ದ ಮಾಡಿಸದೆ ಬಾಲವನ್ನು ಕಟ್ಟಲೇಬೇಡಿ, ಪ್ಲಾಸ್ಟಿಕ್ ಕೊಳವೆಯ ಬಿಸಿಗೆ ಕರಗದಷ್ಟು ಅಂತರವನ್ನೂ ಬಿಡಿ. ಟೇಲ್ ಲ್ಯಾಂಪ್, ನಂಬರ್ ಪ್ಲೇಟ್, ಹಿಂದೆ ಕಾಣುವ ನೋಟ ಇವು ಮುಚ್ಚಿಹೋಗಬಾರದು. ದ್ವಿಚಕ್ರ ಸವಾರರ ಮುಖದ ಎತ್ತರಕ್ಕೆ ಚೂಪು ಮೂಲೆ ಬರುತ್ತದಾದ್ದರಿಂದ ತುದಿಗೆ ಮೆತ್ತನೆಯ ರಬ್ಬರ್ ಅಂಚು ಹಾಕಿ. ವಾಹನದ ಉದ್ದ ಮತ್ತು ಹೊರಚಾಚಿನ ಬಗ್ಗೆ ನಿಮ್ಮಲ್ಲಿನ ನೋಂದಣಿ ನಿಯಮ ಏನು ಹೇಳುತ್ತದೆಂದು ಹಾಳೆ ಕತ್ತರಿಸುವ ಮೊದಲೇ ವಿಚಾರಿಸುವುದು ಲೇಸು. ಯುರೋಪಿನಲ್ಲಿ ಲಾರಿಗಳ ಹಿಂದೆ ಇಂಥ ಮಡಚುವ ಹಲಗೆಗಳನ್ನು ನಿಗದಿತ ಉದ್ದಕ್ಕಿಂತ ಹೆಚ್ಚುವರಿಯಾಗಿ ಹಾಕಲು 2015ರಲ್ಲಿ ಪ್ರತ್ಯೇಕ ನಿರ್ದೇಶನವನ್ನೇ ಹೊರಡಿಸಬೇಕಾಯಿತು.

ವೋರ್ಟೆಕ್ಸ್ ಜನರೇಟರ್‌ಗಳ ವಿಷಯಕ್ಕೆ ಬರುತ್ತೇನೆ. ಮಿತ್ಸುಬಿಷಿ ಕಂಪನಿಯ ಎಂಜಿನಿಯರುಗಳು ಲ್ಯಾನ್ಸರ್ ಎವಲ್ಯೂಷನ್ ಸೆಡಾನ್‌ನ ಛಾವಣಿಯ ಹಿಂದಿನ ಅಂಚಿನ ಬಳಿ ಇವುಗಳನ್ನು ಸಾಲಾಗಿ ಕೂರಿಸಿ ಅಳೆದು 2004ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಡ್ರ್ಯಾಗ್ ಗುಣಾಂಕ ಇಳಿದದ್ದು 0.006ರಷ್ಟು. ಶೇಕಡಾವಾರು ಹೇಳುವುದಾದರೆ 2ರ ಒಳಗೇ. ಅದೂ ಸೆಡಾನ್‌ನಲ್ಲಿ ಹಿಂಗಾಜು ಇಳಿಜಾರಾಗಿದ್ದು, ಗಾಳಿ ಅದರ ಮೇಲೆ ಅಂಟಿ ಇಳಿಯಲು ಹೆಣಗುತ್ತಿರುವಾಗ ಈ ಸಣ್ಣ ರೆಕ್ಕೆಗಳು ವೇಗದ ಗಾಳಿಯನ್ನು ಮೈಯ ಬಳಿಗೆ ಕಲಸಿ ತಂದು ಬೇರ್ಪಡುವಿಕೆಯನ್ನು ಸ್ವಲ್ಪ ಹಿಂದಕ್ಕೆ ತಳ್ಳುತ್ತವೆ ಎಂಬ ಕಾರಣಕ್ಕೆ. ನಿಮ್ಮ ಕಾರಿನಲ್ಲಿ ಛಾವಣಿ ಮುಗಿದ ಮೇಲೆ ಇಳಿಯಲು ಇಳಿಜಾರೇ ಇಲ್ಲ. ಗಾಳಿ ಅಂಚಿನಲ್ಲಿ ಬಿಡುವುದು ನಿಶ್ಚಿತ, ರೆಕ್ಕೆಗಳು ತಮ್ಮ ಪಾಲಿನ ಎಳೆತವನ್ನು ಸೇರಿಸುತ್ತವೆ, ಅಷ್ಟೆ. ಗಾಲ್ಫ್ ಚೆಂಡಿನ ಕುಳಿಗಳನ್ನು ಉದಾಹರಿಸಿ ಮೈಯನ್ನು ಒರಟು ಮಾಡಿದರೆ ಲಾಭವೆಂದು ವಾದಿಸುವವರಿದ್ದಾರೆ. ಚೆಂಡು ಚಿಕ್ಕದಾದ್ದರಿಂದ ಅದರ ಮೇಲಿನ ಗಾಳಿಯ ಪದರವನ್ನು ಪ್ರಕ್ಷುಬ್ಧಗೊಳಿಸಲು ಕುಳಿ ಬೇಕು. ಕಾರಿನ ಛಾವಣಿಯ ತುದಿಗೆ ಬರುವ ಹೊತ್ತಿಗೆ ಆ ಪದರ ತಾನಾಗಿಯೇ ಪ್ರಕ್ಷುಬ್ಧವಾಗಿರುತ್ತದೆ.

ಡಿಫ್ಯೂಸರ್ ಎಂದು ಮಾರುವ ರೆಕ್ಕೆಪಟ್ಟಿಗಳ ಬಂಪರ್ ತುಣುಕುಗಳಲ್ಲಿ ಹೆಚ್ಚಿನವು ನೋಟಕ್ಕೆ ಮಾತ್ರ. ನಿಜವಾದ ಡಿಫ್ಯೂಸರ್ ಎಂದರೆ ನುಣುಪಾದ ಅಡಿಭಾಗದ ಕೊನೆಯಲ್ಲಿ ಮೆಲ್ಲಗೆ ಮೇಲೇರುವ ನೆಲಹಲಗೆ. ಇಂಧನ ಟ್ಯಾಂಕ್, ಸಸ್ಪೆನ್ಷನ್ ತೋಳು, ಸೈಲೆನ್ಸರ್, ಬಿಡಿ ಚಕ್ರದ ಗುಂಡಿ ಎಲ್ಲವನ್ನೂ ಬಡಿದು ಬಂದ ಗಾಳಿ ಕೊನೆಯ ಅರ್ಧ ಮೀಟರಿನಲ್ಲಿ ಹಲಗೆ ಕಂಡು ಶಿಸ್ತಿಗೆ ಬರುವುದಿಲ್ಲ. ಹಿಂಬದಿಯ ಬಂಪರ್ ಒಳಗಿನ ಟೊಳ್ಳನ್ನು ಮಾತ್ರ ಕೆಳಗಿನಿಂದ ಒಂದು ಹಾಳೆಯಿಂದ ಮುಚ್ಚುವುದು ಒಳ್ಳೆಯದು. ಗಾಳಿ ಅದರೊಳಗೆ ತುಂಬಿಕೊಂಡು ಬಂಪರನ್ನು ಹಿಂದಕ್ಕೆ ಎಳೆಯುವುದು ತಪ್ಪುತ್ತದೆ. ಅಲ್ಲಿಯೂ ಸೈಲೆನ್ಸರ್‌ನಿಂದ ಅಂತರ ಕಾಯ್ದುಕೊಳ್ಳಲೇಬೇಕು.

ಎಳೆತದ ಜೊತೆಗೆ ಹಿಂಚಕ್ರಗಳ ಮೇಲಿನ ಎತ್ತುವ ಬಲವೂ ಬದಲಾಗುತ್ತದೆ ಎಂಬುದು ನೆನಪಿರಲಿ. ಗಾಳಿ ಮೇಲಿನಿಂದ ಬಾಗಿ ಇಳಿಯುವಾಗ ಬಾಗಿದ ಜಾಗದಲ್ಲಿ ಒತ್ತಡ ತಗ್ಗಿ ಹಿಂಬದಿಯನ್ನು ಮೇಲಕ್ಕೆ ಎಳೆಯುತ್ತದೆ. 1998ರಲ್ಲಿ ಬಂದ ಮೊದಲ ಆಡಿ ಟಿಟಿ ಕಾರಿನ ದುಂಡು ಬೆನ್ನು ಇದಕ್ಕೆ ಹೆಸರಾದ ಉದಾಹರಣೆ. ಅತಿವೇಗದ ಅಪಘಾತಗಳ ನಂತರ ಕಂಪನಿ ಕಾರುಗಳನ್ನು ವಾಪಸು ಕರೆಸಿ ಹಿಂದೆ ಸಣ್ಣ ಸ್ಪಾಯ್ಲರ್ ಹಾಗೂ ಎಲೆಕ್ಟ್ರಾನಿಕ್ ಸ್ಥಿರತಾ ವ್ಯವಸ್ಥೆ ಅಳವಡಿಸಿತು. 100 ಕಿ.ಮೀ. ವೇಗದಲ್ಲಿ 10 ಡಿಗ್ರಿಯ ಬಾಲ ಅಂಥ ಸಮಸ್ಯೆ ತರುವುದು ಅನುಮಾನ. ಆದರೂ ಬಾಲ ಕಟ್ಟಿದ ಮೇಲೆ ವೇಗವನ್ನು ಹಂತಹಂತವಾಗಿ ಏರಿಸಿ, ಪಕ್ಕದ ಗಾಳಿ ಬೀಸುವಾಗ ಸ್ಟಿಯರಿಂಗ್ ಹೇಗೆ ವರ್ತಿಸುತ್ತದೆಂದು ಗಮನಿಸಿ.

ಪರೀಕ್ಷೆಯ ಮೊದಲ ಹಂತ ಉಣ್ಣೆ ದಾರ. 8–10 ಸೆಂ.ಮೀ. ಉದ್ದದ ತುಂಡುಗಳ ಒಂದು ತುದಿಯನ್ನು ಛಾವಣಿಯ ಕೊನೆಯ ಭಾಗ ಮತ್ತು ಬಾಲದ ಮೈಮೇಲೆ ಗೇಣಿಗೊಂದರಂತೆ ಟೇಪಿನಿಂದ ಅಂಟಿಸಿ, ಇನ್ನೊಂದು ಕಾರಿನಿಂದ ಬೇರೊಬ್ಬರು ಚಿತ್ರೀಕರಿಸಲಿ. ಗಾಳಿ ಅಂಟಿದ ಕಡೆ ದಾರ ಮೈಗೆ ಒರಗಿ ಹಿಂದಕ್ಕೆ ಚಾಚಿ ಸ್ವಲ್ಪವೇ ಅದುರುತ್ತದೆ. ಬಿಟ್ಟ ಕಡೆ ಎದ್ದು ತಿರುಗುತ್ತದೆ, ಕೆಲವೊಮ್ಮೆ ಮುಂದಕ್ಕೇ ಮುಖ ಮಾಡುತ್ತದೆ. ಬಾಲದ ಪಕ್ಕದ ಹಲಗೆಯ ಕೆಳಭಾಗದಲ್ಲಿ ಹಿಂಚಕ್ರದ ಗೊಂದಲದಿಂದ ಕೆಲವು ದಾರಗಳು ಕುಣಿದರೆ ಆತಂಕ ಬೇಡ, ಛಾವಣಿಯ ನಡುವೆ ಕುಣಿದರೆ ಕೋನವನ್ನು ತಗ್ಗಿಸಿ. ಇಷ್ಟಾಗಿಯೂ ದಾರ ಹೇಳುವುದು ಗಾಳಿ ಅಂಟಿದೆಯೇ ಎಂಬುದನ್ನು ಮಾತ್ರ, ಎಳೆತ ಎಷ್ಟು ಇಳಿಯಿತು ಎಂಬುದನ್ನಲ್ಲ.

ಎಳೆತ ತಿಳಿಯಲು ಡ್ಯಾಶ್‌ಬೋರ್ಡ್ ತೋರಿಸುವ ಮೈಲೇಜ್ ಅಂಕಿಯನ್ನು ನಂಬಬೇಡಿ. ಟ್ಯಾಂಕ್ ತುಂಬಿಸಿ ಲೆಕ್ಕ ಹಾಕುವುದೂ ಒಂದೆರಡು ಸಲಕ್ಕೆ ಸಾಲದು, ಏಕೆಂದರೆ 40 ಲೀಟರಿಗೆ ಒಂದು ಲೀಟರ್ ಹೆಚ್ಚುಕಡಿಮೆ ತುಂಬಿದರೆ ಅದೇ ಶೇಕಡಾ ಎರಡೂವರೆಯಾಯಿತು. ಸಮತಟ್ಟಾದ, ವಾಹನ ಸಂಚಾರವಿಲ್ಲದ ರಸ್ತೆಯಲ್ಲಿ ಗಾಳಿ ಬೀಸದ ಬೆಳಗಿನ ಹೊತ್ತು 100 ಕಿ.ಮೀ.ಗೆ ತುಸು ಮೇಲೆ ಹೋಗಿ ನ್ಯೂಟ್ರಲ್‌ಗೆ ಹಾಕಿ, ಎಂಜಿನ್ ಮಾತ್ರ ಆರಿಸದೆ, 100ರಿಂದ 80ಕ್ಕೆ ಇಳಿಯಲು ಹಿಡಿಯುವ ಸಮಯವನ್ನು ಜಿಪಿಎಸ್ ದಾಖಲೆಯಿಂದ ಅಳೆಯಿರಿ. ಮೇಲೆ ಲೆಕ್ಕಕ್ಕೆ ತೆಗೆದುಕೊಂಡ ಕಾರಿಗೆ ಇದು 17–18 ಸೆಕೆಂಡ್. ಎಳೆತ ಶೇಕಡಾ 10 ಇಳಿದರೆ ಇನ್ನೊಂದು ಸೆಕೆಂಡಿಗಿಂತ ತುಸು ಹೆಚ್ಚು ಹಿಡಿಯುತ್ತದೆ. ನಿಮ್ಮ ಬಾಲದ ಪೂರ್ತಿ ಪುರುಷಾರ್ಥ ಆ ಒಂದು ಸೆಕೆಂಡಿನಲ್ಲಿದೆ. ಅಷ್ಟೇ ವೇಗದಲ್ಲಿ ಗಂಟೆಗೆ 5 ಕಿ.ಮೀ.ಗೂ ಕಡಿಮೆಯ ಎದುರುಗಾಳಿ ಆ ಲಾಭವನ್ನು ಬಹುತೇಕ ನುಂಗಬಲ್ಲದು. ಕಿಲೋಮೀಟರಿಗೆ ಒಂದು ಮೀಟರ್ ಇಳಿಜಾರು ಅದರ ಅರ್ಧದಷ್ಟು ವ್ಯತ್ಯಾಸ ತರಬಲ್ಲದು. ಉಷ್ಣಾಂಶ 10 ಡಿಗ್ರಿ ಏರಿದರೆ ಗಾಳಿಯ ಸಾಂದ್ರತೆಯೇ ಶೇಕಡಾ 3ಕ್ಕೂ ಹೆಚ್ಚು ಇಳಿಯುತ್ತದೆ.

ಆದ್ದರಿಂದ ಪ್ರತಿ ಓಟವನ್ನೂ ಎರಡೂ ದಿಕ್ಕಿನಲ್ಲಿ ಮಾಡಿ ಸರಾಸರಿ ತೆಗೆಯಬೇಕು, ಟೈರುಗಳು ಬಿಸಿಯಾದ ಮೇಲಷ್ಟೇ ಶುರು ಮಾಡಬೇಕು, ಬಾಲವಿಲ್ಲದೆ, ಬಾಲ ಹಾಕಿ, ಮತ್ತೆ ತೆಗೆದು, ಹೀಗೆ ಒಂದೇ ಬೆಳಗ್ಗೆ ಮೂರು ಸುತ್ತಾದರೂ ಆಗಬೇಕು. ಮೊದಲ ಮತ್ತು ಮೂರನೆಯ ಸುತ್ತಿನ ಸಮಯಗಳು ಒಂದಕ್ಕೊಂದು ಹೊಂದದಿದ್ದರೆ ನಡುವಿನದ್ದಕ್ಕೆ ಬೆಲೆಯಿಲ್ಲ, ಇನ್ನೊಂದು ದಿನ ನೋಡಿ. ಬಾಲವನ್ನು ನಾಲ್ಕೈದು ಬೋಲ್ಟ್ ಬಿಚ್ಚಿದರೆ ಕೈಗೆ ಬರುವಂತೆ ಕಟ್ಟಿಕೊಂಡಿದ್ದರೆ ಈ ಕೆಲಸ ಬಹಳ ಹಗುರವಾಗುತ್ತದೆ. ಸರಾಸರಿಯ ವ್ಯತ್ಯಾಸ ಅರ್ಧ ಸೆಕೆಂಡಿನೊಳಗೇ ಉಳಿದರೆ ಅದನ್ನು ಕಾಯಂ ಮಾಡುವ ಮೊದಲು ಬಾಲದ ಕೋನವನ್ನು ಎರಡು ಡಿಗ್ರಿ ತಗ್ಗಿಸಿ, ಛಾವಣಿಯೊಂದಿಗೆ ಅದು ಕೂಡುವ ಸಂದನ್ನು ಟೇಪಿನಿಂದ ಪೂರ್ತಿ ಮುಚ್ಚಿ, ಇನ್ನೊಮ್ಮೆ ಓಡಿಸಿ ನೋಡಿ.